ಕಿನ್ನಿ ಹೇಳಿದ್ದು

ದೇಲಂಪಾಡಿಯ ಕಾಡಿನ ಅಂಚಿನ ಗುಡ್ಡದಲ್ಲಿ ಕಿನ್ನಿ ಮತ್ತು ಅಮ್ಮಣಿ ಎಂಬ ಇಬ್ಬರು ಹೆಂಗಸರು ಒಂದೇ ಗುಡಿಸಲಿನಲ್ಲಿ ಹದಿನಾಲ್ಕು ವರ್ಷ ಬಾಳಿದ್ದರು. ಅವರು ಅಕ್ಕತಂಗಿಯರಲ್ಲ, ದೂರದ ಸಂಬಂಧಿಗಳೂ ಅಲ್ಲ. ಸಿಡುಬು ಬಂದ ಒಂದು ವರ್ಷ ಕಿನ್ನಿಯ ಗಂಡನೂ ಮಗಳೂ ಹೋದರು. ಅದೇ ತಿಂಗಳಲ್ಲಿ ಅಮ್ಮಣಿಯ ಗಂಡನೂ ಹೋದ. ಊರವರು ಹತ್ತಿರ ಬರಲು ಹೆದರುತ್ತಿದ್ದ ಆ ದಿನಗಳಲ್ಲಿ ಅಮ್ಮಣಿ ತನ್ನ ಚಾಪೆ, ಮಡಕೆ ಎತ್ತಿಕೊಂಡು ಕಿನ್ನಿಯ ಅಂಗಳಕ್ಕೆ ಬಂದು, "ಎರಡು ಒಲೆ ಎಂತಕ್ಕೆ? ಒಂದು ಸಾಕು" ಎಂದಿದ್ದಳು. ಬಂದವಳು ಮತ್ತೆ ಹೋಗಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಇಬ್ಬರೂ ಗುಡ್ಡದಲ್ಲಿ ಮುಳಿಹುಲ್ಲು ಕೊಯ್ದು, ಕಟ್ಟು ಕಟ್ಟಿ, ಮನೆಯ ಮಾಡಿಗೆ ಹೊದೆಸುವವರಿಗೆ ತಲೆಹೊರೆಯಲ್ಲಿ ಸಾಗಿಸುತ್ತಿದ್ದರು. ಮಳೆಗಾಲದಲ್ಲಿ ಯಾರದಾದರೂ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಕೆಲಸ. ಅಮ್ಮಣಿ ಆರು ವರ್ಷ ದೊಡ್ಡವಳು, ಬಾಯಿ ಜೋರು. ಕಿನ್ನಿ ಊರವರೊಡನೆ ಮಾತೇ ಆಡದವಳು; ಅಮ್ಮಣಿಯ ಜೊತೆ ಮಾತ್ರ ಬೆಳಗಿನಿಂದ ದೀಪ ಆರಿಸುವ ತನಕ ಆಡುತ್ತಿದ್ದಳು. ಇಬ್ಬರಿಗೂ ಗೊತ್ತಿದ್ದದ್ದು ತುಳು ಒಂದೇ. ಬೇರೆ ಮಾತು ಬೇಕಾಗುವಷ್ಟು ದೂರ ಅವರು ಯಾವತ್ತೂ ಹೋದವರಲ್ಲ.

ಕಾಸರಗೋಡು ಕೇರಳಕ್ಕೆ ಸೇರಿ ಮೂರು ತಿಂಗಳು ಕಳೆದಿದ್ದಾಗ, ಫೆಬ್ರವರಿಯಲ್ಲಿ, ಅಮ್ಮಣಿಗೆ ಜ್ವರ ಬಂತು. ಮೂರು ದಿನವಾದರೂ ಬಿಡಲಿಲ್ಲ. ಜ್ವರದಲ್ಲೇ ಕತ್ತಿ ಹಿಡಿದು ಹುಲ್ಲು ಕೊಯ್ಯಲು ಹೊರಟವಳನ್ನು ಕಿನ್ನಿ ತಡೆದಳು. ಇಬ್ಬರೂ ಅಂಗಳದಲ್ಲಿ ನಿಂತು ಕೂಗಾಡಿದರು. ಕೆಳಗಿನ ಮನೆಯ ಚೆನ್ನಪ್ಪನ ಹೆಂಡತಿ ಹರಿಣಾಕ್ಷಿಗೆ ಅದು ಕೇಳಿಸಿತು.

"ಹೋದರೆ ಹೋಗು, ಸತ್ತರೆ ನನ್ನನ್ನು ಕರೆಯಬೇಡ" ಎಂದು ಕಿನ್ನಿ ಕೂಗಿದ್ದೂ ಕೇಳಿಸಿತು.

ಕೊನೆಗೆ ಅಮ್ಮಣಿ ಸೋತು ಮಲಗಿದಳು. ಮರುದಿನ ಕಿನ್ನಿ ಅವಳಿಗೆ ಗಂಜಿ ಕುಡಿಸಿ, ಕಷಾಯದ ಮದ್ದು ತರಲು ಆದೂರಿನ ವೈದ್ಯರಲ್ಲಿಗೆ ಹೊರಟಳು. ಹೋಗಿ ಬರುವಾಗ ಹೊತ್ತು ಇಳಿದಿತ್ತು. ಗುಡಿಸಲಲ್ಲಿ ಅಮ್ಮಣಿ ಇರಲಿಲ್ಲ, ಕೊಡಪಾನವೂ ಇರಲಿಲ್ಲ. ಮುರಕಲ್ಲು ತೆಗೆದ ಹಳೆಯ ಗುಂಡಿಯ ಅಂಚಿನಲ್ಲಿ ನೀರಿಗೆ ಹೋಗುವ ದಾರಿ. ಆ ಗುಂಡಿಯೊಳಗೆ, ಕಲ್ಲು ಕಡಿದ ಮೆಟ್ಟಿಲಿಗೆ ತಲೆ ತಾಗಿ, ಅಮ್ಮಣಿ ಬಿದ್ದಿದ್ದಳು. ಕಿನ್ನಿ ಇಳಿದು ಅವಳ ತಲೆಯನ್ನು ಮಡಿಲಿಗೆ ಎತ್ತಿಕೊಂಡಳು. ಕೈಕಾಲು ಆಗಲೇ ತಣ್ಣಗಾಗಿದ್ದವು. ಅವಳು ಮೇಲೆ ಹತ್ತಿ ಚೆನ್ನಪ್ಪನ ಮನೆಗೆ ಓಡಿದಳು. ಸೀರೆಯೆಲ್ಲ ರಕ್ತ.

ಚೆನ್ನಪ್ಪ ಪಟೇಲರಿಗೆ ಹೇಳಿ ಕಳಿಸಿದ. ಪಟೇಲರು ಠಾಣೆಗೆ ಬರೆದರು. ಪೊಲೀಸರು ಮರುದಿನ ಬಂದರು. ತಲೆಯ ಗಾಯ, ಕಿನ್ನಿಯ ಸೀರೆಯ ರಕ್ತ, ಗುಡಿಸಲಿನ ಮಾಡಿಗೆ ಸಿಕ್ಕಿಸಿದ್ದ ಹುಲ್ಲಿನ ಕತ್ತಿ, ಹರಿಣಾಕ್ಷಿ ಕೇಳಿದ್ದ ಜಗಳ, ಎಲ್ಲವನ್ನೂ ಬರೆದುಕೊಂಡರು. ಹೆಣವನ್ನು ಕೊಯ್ದು ನೋಡಲು ಎತ್ತಿನ ಗಾಡಿಯಲ್ಲಿ ಕಾಸರಗೋಡಿನ ಆಸ್ಪತ್ರೆಗೆ ಸಾಗಿಸಿದರು. ಕಿನ್ನಿಯೂ ಗಾಡಿಯ ಹಿಂದೆಯೇ ನಡೆದಳು. ತನ್ನನ್ನು ಹಿಡಿದಿದ್ದಾರೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಅಮ್ಮಣಿಯ ಜೊತೆಗೆ ಹೋಗುತ್ತಿದ್ದೇನೆ ಎಂದೇ ತಿಳಿದಿದ್ದಳು. ಮುಳ್ಳೇರಿಯದಲ್ಲಿ ಗಾಡಿ ಒಂದು ಕಡೆ ತಿರುಗಿತು. ಅವಳನ್ನು ಇನ್ನೊಂದು ಕಡೆ ಎಳೆದರು.

ಮೂರು ದಿನ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಹೊಡೆಯಲಿಲ್ಲ. ಆದರೆ ಮಲಗಲೂ ಬಿಡಲಿಲ್ಲ. ಕಣ್ಣು ಮುಚ್ಚಿದರೆ ಯಾರೋ ಲಾಠಿಯಿಂದ ಕಂಬಕ್ಕೆ ಬಡಿಯುತ್ತಿದ್ದರು. ಅಲ್ಲಿದ್ದವರೆಲ್ಲ ತೆಂಕಲಿನಿಂದ ಹೊಸದಾಗಿ ಬಂದ ಮಲಯಾಳ ಮಾತಿನವರು. ಒಬ್ಬ ಕಾನ್‌ಸ್ಟೇಬಲ್ ಮಾತ್ರ ಹಿಂದೆ ಮಂಗಲ್ಪಾಡಿ ಕಡೆ ಎರಡು ವರ್ಷ ಡ್ಯೂಟಿ ಮಾಡಿದವನು. ಮೀನಿನ ಬೆಲೆ ಕೇಳುವಷ್ಟು, ಜನರನ್ನು ಗದರಿಸುವಷ್ಟು ತುಳು ಅವನಿಗೆ ಬರುತ್ತಿತ್ತು. ಅದನ್ನೇ ದೊಡ್ಡದು ಮಾಡಿಕೊಂಡು ಅವನು ಠಾಣೆಗೆ ತುಳು ಪಂಡಿತನಾಗಿದ್ದ.

ನಾಲ್ಕನೆಯ ದಿನ ಅವಳನ್ನು ಬಸ್ಸಿನಲ್ಲಿ ಕೂರಿಸಿ, ಹೊಳೆ ದಾಟಿಸಿ, ಚಂದ್ರಗಿರಿಯ ತೆಂಕಲಿನ ಒಂದು ಪೇಟೆಗೆ ಕರೆದುಕೊಂಡು ಹೋದರು. ಹೆಂಗಸರನ್ನು ಇಡುವ ಕೋಣೆ ಅಲ್ಲಿನ ಸಬ್‌ಜೈಲಿನಲ್ಲಿ ಇತ್ತು. ಚಂದ್ರಗಿರಿ ದಾಟಿದರೆ ಮಾತು ಬೇರೆ. ಬಸ್ಸಿನಲ್ಲಿ ಕೂತವರು, ಅಂಗಡಿಯವರು, ದಾರಿಯಲ್ಲಿ ಹೋಗುವ ಮಕ್ಕಳು, ಎಲ್ಲರೂ ಮಲಯಾಳದಲ್ಲಿ ಮಾತಾಡುತ್ತಿದ್ದರು.

ಅವಳನ್ನು ಒಬ್ಬ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅವರು ವಯಸ್ಸಾದವರು. ಕಾನೂನು ಹೇಳುವಂತೆ ಮೊದಲು ಅವಳಿಗೆ ಎಚ್ಚರಿಕೆ ಕೊಟ್ಟರು: ನೀನು ಏನನ್ನೂ ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ಮೇಲೆಯೇ ಸಾಕ್ಷಿಯಾಗಬಹುದು, ಪೊಲೀಸರಿಗೆ ಹೆದರಿ ಹೇಳಬೇಕಾಗಿಲ್ಲ. ಅವರು ಇದನ್ನು ಮಲಯಾಳದಲ್ಲಿ ನಿಧಾನವಾಗಿಯೇ ಹೇಳಿದರು. ತುಳು ಬಲ್ಲ ಬೇರೆ ಯಾರೂ ಸಿಗದ ಕಾರಣ ಆ ಕಾನ್‌ಸ್ಟೇಬಲನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಅಷ್ಟು ಉದ್ದದ ಮಾತನ್ನು ಅವನು ಎರಡೇ ಶಬ್ದಕ್ಕೆ ಇಳಿಸಿದ.

"ಪಣ್. ಪೂರಾ ಪಣ್."

ಹೇಳು. ಎಲ್ಲ ಹೇಳು.

ಕಿನ್ನಿ ಎಲ್ಲ ಹೇಳಿದಳು. ನಾಲ್ಕು ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು. ಜ್ವರದ ಮೂರು ದಿನ, ಅಂಗಳದ ಜಗಳ, ವೈದ್ಯರಲ್ಲಿ ಕಾದದ್ದು, ಗುಂಡಿ, ಮಡಿಲಿನಲ್ಲಿಟ್ಟ ತಲೆ. "ಜ್ವರದವಳನ್ನು ಒಬ್ಬಳನ್ನೇ ಬಿಟ್ಟು ಹೋದೆನಲ್ಲ. ಒಂದು ಕೊಡ ನೀರು ತಂದಿಟ್ಟು ಹೋಗಬಹುದಿತ್ತು. ಅದೂ ಮಾಡಲಿಲ್ಲ. ನಾನೇ ಕೊಂದ ಹಾಗಾಯಿತು" ಎಂದು ಎದೆಗೆ ಬಡಿದುಕೊಂಡಳು.

ಕಾನ್‌ಸ್ಟೇಬಲ್ ತನಗೆ ಅರ್ಥವಾದಷ್ಟನ್ನು ಮಲಯಾಳದಲ್ಲಿ ಹೇಳಿದ. ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಬರೆದದ್ದನ್ನು ಓದಿದರು. ಕಾನ್‌ಸ್ಟೇಬಲ್ ಅವಳ ಮುಖ ನೋಡಿ, ಸರಿಯಾ ಎಂಬಂತೆ ತಲೆ ಆಡಿಸಿದ. ಅವಳೂ ತಲೆ ಆಡಿಸಿದಳು. ಎಡಗೈಯ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು.

ಸಬ್‌ಜೈಲಿನಲ್ಲಿ ಹೆಂಗಸರ ಕೋಣೆ ಹಿಂಬದಿಯಲ್ಲಿ, ಅಡುಗೆಮನೆಯ ಗೋಡೆಗೆ ತಾಗಿ ಇತ್ತು. ಬೇರೆ ಹೆಣ್ಣು ಕೈದಿ ಇರಲಿಲ್ಲ. ಅವಳಿಗೆಂದೇ ದಿನಕೂಲಿಗೆ ಒಬ್ಬ ಕಾವಲಿನ ಹೆಂಗಸನ್ನು ಇಟ್ಟುಕೊಂಡಿದ್ದರು. ಆಕೆ ಕೆಟ್ಟವಳಲ್ಲ. ಬೆಳಿಗ್ಗೆ ಬಾಗಿಲು ತೆಗೆದು "ವಾ" ಎನ್ನುತ್ತಿದ್ದಳು. ಮಧ್ಯಾಹ್ನ ತಟ್ಟೆ ಇಟ್ಟು "ಚೋರ್" ಎನ್ನುತ್ತಿದ್ದಳು. ಬಾ, ಅನ್ನ. ಇಡೀ ದಿನದಲ್ಲಿ ಕಿನ್ನಿಯ ಕಿವಿಗೆ ಬೀಳುತ್ತಿದ್ದ ಮಾತು ಅವೆರಡೇ. ಮೊದಮೊದಲು ಕಿನ್ನಿ ಅವಳೊಡನೆ ಮಾತಾಡಲು ನೋಡಿದಳು. ಆಕೆ ಅರ್ಥವಾಗದೆ ನಕ್ಕು, ನೀರಿನ ಚೆಂಬು ತಂದಿಟ್ಟಳು. ಇನ್ನೊಂದು ದಿನ ಮಾತಾಡಿದಾಗ ಹೊಟ್ಟೆನೋವೆಂದು ತಿಳಿದು ಓಮದ ನೀರು ತಂದಳು. ಕಿನ್ನಿ ಅದನ್ನು ಕುಡಿದಳು. ಆಮೇಲೆ ಮಾತಾಡುವುದನ್ನು ಬಿಟ್ಟಳು.

ಸಂಜೆಯಾದರೆ ಅಡುಗೆಮನೆಯವರು ತಮ್ಮತಮ್ಮೊಳಗೆ ಮಾತಾಡುತ್ತಾ ಪಾತ್ರೆ ತೊಳೆಯುವುದು ಗೋಡೆಯಾಚೆ ಕೇಳಿಸುತ್ತಿತ್ತು. ಅವರು ನಕ್ಕರೆ ಅವಳು ಗೋಡೆಗೆ ಕಿವಿ ಇಡುತ್ತಿದ್ದಳು. ನಗು ಮಾತ್ರ ಅವಳ ಊರಿನ ನಗುವಿನ ಹಾಗೆಯೇ ಇತ್ತು. ಕೆಲವು ಸಲ ಅವಳು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಎರಡು ವಾರಕ್ಕೊಮ್ಮೆ ಅವಳನ್ನು ಕೋರ್ಟಿಗೆ ನಡೆಸಿಕೊಂಡು ಹೋಗುತ್ತಿದ್ದರು. ಈಗ ಕೇಸು ಇನ್ನೊಬ್ಬ ಮ್ಯಾಜಿಸ್ಟ್ರೇಟರ ಮುಂದೆ ಇತ್ತು. ಕೊಲೆಯ ಕೇಸಾದ್ದರಿಂದ ಮೊದಲು ಅವರು ವಿಚಾರಿಸಿ, ಸಾಕಷ್ಟು ಆಧಾರ ಕಂಡರೆ ಸೆಶನ್ಸ್ ಕೋರ್ಟಿಗೆ ಒಪ್ಪಿಸಬೇಕು. ಕಿನ್ನಿಗೆ ಇದೊಂದೂ ಗೊತ್ತಿರಲಿಲ್ಲ. ಕಟಕಟೆಯಲ್ಲಿ ನಿಲ್ಲಿಸುತ್ತಿದ್ದರು. ಒಂದು ಕಾಗದಕ್ಕೆ ಸಹಿ ಬೀಳುತ್ತಿತ್ತು. ಕರೆದುಕೊಂಡು ಹೋಗುತ್ತಿದ್ದರು. ತನಗೆ ವಕೀಲರನ್ನು ಕೇಳುವ ಹಕ್ಕು ಇದೆಯೆಂದು ಅವಳಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿರಲಿಲ್ಲ.

ಮೂರನೆಯ ಸಲ ಬಂದಾಗ ಕರೆಯುವ ತನಕ ಜಗಲಿಯಲ್ಲಿ ಕೂರಿಸಿದ್ದರು. ಹೊರಗೆ ಹೊಂಗೆ ಮರದಡಿಯಲ್ಲಿ ಒಂದು ದನ ಮಲಗಿತ್ತು. ಕಿನ್ನಿ ಅದನ್ನು ನೋಡುತ್ತಾ, ತನಗೇ ಕೇಳುವಷ್ಟು ಮೆಲ್ಲಗೆ, ಮುಳಿ ಕೊಯ್ಯುವ ಕಾಲ ಮುಗಿಯಿತು, ಈ ವರ್ಷ ಗುಡಿಸಲಿಗೆ ಹೊದಿಕೆ ಆಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು.

ಆ ಹೊತ್ತಿಗೆ ಕೈಯಲ್ಲಿ ಕಡತಗಳ ಕಟ್ಟು ಹಿಡಿದುಕೊಂಡು ಶಿವಸುಬ್ರಹ್ಮಣ್ಯ ಆ ದಾರಿಯಾಗಿ ಬಂದರು. ಕೋರ್ಟಿನ ಕನ್ನಡ ಗುಮಾಸ್ತರು. ಊರು ಕುಂಬಳೆಯ ಹತ್ತಿರ, ಸೀತಾಂಗೋಳಿಯಿಂದ ಎರಡು ಮೈಲು ಒಳಗೆ. ಮದ್ರಾಸ್ ಸರಕಾರದ ಕಾಲದಲ್ಲಿ ಅವರಿಗೆ ಕೈತುಂಬ ಕೆಲಸ ಇತ್ತು. ಅರ್ಜಿ, ದಸ್ತಾವೇಜು, ಸಾಕ್ಷಿ, ಎಲ್ಲವನ್ನೂ ಇಂಗ್ಲಿಷಿಗೆ ಇಳಿಸುವವರು ಅವರೇ. ಹೊಸ ಆಡಳಿತದಲ್ಲಿ ಅವರನ್ನು ಹೊಳೆಯಾಚೆಗೆ ವರ್ಗ ಮಾಡಿ, ಹಳೆಯ ಕನ್ನಡ ಕಡತಗಳಿದ್ದ ಕೋಣೆಯಲ್ಲಿ ಕೂರಿಸಿದ್ದರು. ಅವರಿಗೆ ಮಲಯಾಳ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಓದಲು ಬಾರದು. ಕಚೇರಿಯ ಸುತ್ತೋಲೆಯನ್ನೂ ಇನ್ನೊಬ್ಬರಿಂದ ಓದಿಸಿ ಕೇಳಬೇಕು. ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಪಿಂಚಣಿಗೆ ಹತ್ತು ತಿಂಗಳು ಇತ್ತು.

ತುಳು ಕಿವಿಗೆ ಬಿದ್ದದ್ದೇ ಅವರು ನಿಂತರು.

"ಇಲ್ಲ್ ಓಲು?" ಎಂದು ಕೇಳಿದರು. ಮನೆ ಎಲ್ಲಿ?

ಕಿನ್ನಿ ತಲೆ ಎತ್ತಿದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಹೆಗಲು ಕುಲುಕುವಂತೆ ಅತ್ತಳು. ಶಿವಸುಬ್ರಹ್ಮಣ್ಯರು ಏನು ಮಾಡುವುದೆಂದು ತಿಳಿಯದೆ ಕಡತಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಕೈದಿಯ ಹತ್ತಿರ ಮಾತಾಡಬಾರದು, ಸ್ವಾಮಿ" ಎಂದು ಜೊತೆಯಲ್ಲಿದ್ದ ಪೊಲೀಸು ಹೇಳಿದ.

"ಮಾತಾಡಲಿಲ್ಲ. ಮನೆ ಎಲ್ಲಿ ಅಂತ ಕೇಳಿದ್ದು."

"ಅದೂ ಮಾತೇ ಅಲ್ಲವಾ?"

ಅವರು ಮುಂದೆ ಹೋದರು. ಆದರೆ ಆ ಮಧ್ಯಾಹ್ನ ಹಳೆಯ ಕಡತಗಳ ಕೋಣೆಯಲ್ಲಿ ಅವರಿಗೆ ಕೆಲಸ ಸಾಗಲಿಲ್ಲ. ಅವರು ಬೆಂಚ್ ಗುಮಾಸ್ತ ಹರಿನಾರಾಯಣರ ಹತ್ತಿರ ಹೋಗಿ ಕೇಸು ಯಾವುದೆಂದು ಕೇಳಿದರು. ಹರಿನಾರಾಯಣರು ಕನ್ನಡವೂ ಮಲಯಾಳವೂ ಬಲ್ಲವರು, ಆದರೆ ತುಳು ಬಾರದವರು.

"ಕೊಲೆ ಕೇಸು ಮಾರಾಯ್ರೆ. ತಪ್ಪೊಪ್ಪಿಗೆ ಉಂಟು, ಹೆಬ್ಬೆಟ್ಟು ಉಂಟು. ಮುಂದಿನ ವಾಯಿದೆಗೆ ಕಮಿಟ್ ಮಾಡ್ತಾರೆ, ತಲಶ್ಶೇರಿಯ ಸೆಶನ್ಸಿಗೆ ಹೋಗ್ತದೆ. ನೀವು ಎಂತಕ್ಕೆ ಕೇಳುದು?"

"ತಪ್ಪೊಪ್ಪಿಗೆ ಯಾವ ಭಾಷೆಯಲ್ಲಿ ಕೊಟ್ಟದ್ದು?"

ಹರಿನಾರಾಯಣರು ಹಾಳೆ ತಿರುವಿದರು. "ಬರೆದದ್ದು ಮಲಯಾಳದಲ್ಲಿ. ಹೇಳಿದ್ದು... ತುಳು ಇರಬೇಕು. ಕಾನ್‌ಸ್ಟೇಬಲ್ ತರ್ಜುಮೆ ಮಾಡಿದ್ದು ಅಂತ ಉಂಟು."

"ಅವಳನ್ನು ಹಿಡಿದುಕೊಂಡು ಬಂದ ಕಾನ್‌ಸ್ಟೇಬಲಾ?"

"ಹೌದು ಕಾಣ್ತದೆ. ಬಿಡಿ, ನಮಗೆಂತ?"

ಶಿವಸುಬ್ರಹ್ಮಣ್ಯರು ಕೋಣೆಗೆ ಹಿಂತಿರುಗಿದರು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಕೂತವರಿಗೆ ಕಾನೂನು ಅಷ್ಟಿಷ್ಟು ಬಾಯಿಗೆ ಬಂದಿತ್ತು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನಡೆದರೆ, ತೆರೆದ ಕೋರ್ಟಿನಲ್ಲಿ, ಅವಳಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ವಿವರಿಸಬೇಕು. ಅದು ಪುಸ್ತಕದಲ್ಲೇ ಇತ್ತು. ಅವರು ಆ ಪುಟವನ್ನು ತೆರೆದು ಎರಡು ಸಲ ಓದಿದರು. ಆಮೇಲೆ ಇಂಗ್ಲಿಷಿನಲ್ಲಿ, ತಮ್ಮ ದುಂಡಗಿನ ಅಕ್ಷರದಲ್ಲಿ, ಮ್ಯಾಜಿಸ್ಟ್ರೇಟರಿಗೆ ನಾಲ್ಕು ಸಾಲಿನ ಒಂದು ಟಿಪ್ಪಣಿ ಬರೆದರು: ಆರೋಪಿಗೆ ತುಳು ಒಂದೇ ಬರುತ್ತದೆ, ನನಗೆ ತುಳು ಬರುತ್ತದೆ, ಅಪ್ಪಣೆಯಾದರೆ ದುಭಾಷಿಯಾಗಿ ಪ್ರಮಾಣ ಮಾಡಲು ಸಿದ್ಧ.

ಬರೆದ ಮೇಲೆ ಅದನ್ನು ಎರಡು ದಿನ ಮೇಜಿನಲ್ಲೇ ಇಟ್ಟುಕೊಂಡರು. ಹೊಸ ಮ್ಯಾಜಿಸ್ಟ್ರೇಟರು ತಿರುವಾಂಕೂರಿನವರು, ಚಿಕ್ಕ ವಯಸ್ಸು, ನಗುವವರಲ್ಲ. ಒಬ್ಬ ಮೂಲೆಯ ಗುಮಾಸ್ತ ಕಾನೂನು ಕಲಿಸಲು ಬಂದ ಎಂದುಕೊಂಡರೆ? ಮೂರನೆಯ ದಿನ ಬೆಳಿಗ್ಗೆ ಅವರು ಅದನ್ನು ಒಳಗೆ ಕಳಿಸಿದರು. ಸಂಜೆ ಅದು ಹಿಂತಿರುಗಿ ಬಂತು. ಕೆಳಗೆ ಒಂದೇ ಶಬ್ದ: "ಆಗಬಹುದು."

ವಿಚಾರಣೆಯ ದಿನ ಹರಿಣಾಕ್ಷಿ ಮೊದಲು ಕನ್ನಡದಲ್ಲಿ ಸಾಕ್ಷಿ ಹೇಳಿದಳು, ಹರಿನಾರಾಯಣರು ಅದನ್ನು ಮಲಯಾಳಕ್ಕೆ ತಿರುಗಿಸಿದರು. ಅವಳು ಗಂಡನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಜಗಳ ಕೇಳಿದ್ದು ಹೌದು. "ಸತ್ತರೆ ನನ್ನನ್ನು ಕರೆಯಬೇಡ" ಎಂದದ್ದು ಹೌದು. ಶಿವಸುಬ್ರಹ್ಮಣ್ಯರು ಕಟಕಟೆಯ ಪಕ್ಕ ನಿಂತು, ಕೋರ್ಟು ಬರೆದುಕೊಳ್ಳುತ್ತಿದ್ದ ಪ್ರತಿಯೊಂದು ವಾಕ್ಯವನ್ನೂ ಕಿನ್ನಿಗೆ ತಿಳಿಸಿದರು. ಕೇಳುವುದಿದ್ದರೆ ಕೇಳು ಎಂದರು.

"ನಾನು ಅದನ್ನು ಹೇಳಿದ್ದು ಹೌದು. ಯಾಕೆ ಹೇಳಿದ್ದು ಅಂತ ಅವಳನ್ನು ಕೇಳಿ, ಅಯ್ಯ" ಎಂದಳು ಕಿನ್ನಿ.

ಹರಿಣಾಕ್ಷಿ ಕಿನ್ನಿಯನ್ನು ನೋಡದೆ, "ಜ್ವರದಲ್ಲಿ ಹುಲ್ಲಿಗೆ ಹೋಗ್ಬೇಡ ಅಂತ ಬೈದದ್ದು" ಎಂದಳು. ಅದು ಮೊದಲ ಸಲ ದಾಖಲೆಗೆ ಬಂತು. ಅಷ್ಟು ದಿನ ಅದನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ತಪ್ಪೊಪ್ಪಿಗೆ. ಮ್ಯಾಜಿಸ್ಟ್ರೇಟರು ಅದನ್ನು ಓದಿ, ಒಂದೊಂದು ಸಾಲನ್ನೂ ಶಿವಸುಬ್ರಹ್ಮಣ್ಯರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಚಿಕ್ಕದೇ ಇತ್ತು. ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದೆವು. ಹಿಂದಿನ ದಿನ ಜಗಳವಾಯಿತು. ಹುಲ್ಲು ಮಾರಿದ ಹಣದ ಲೆಕ್ಕದ ವಿಷಯದಲ್ಲಿ ನಾನೇ ಅಮ್ಮಣಿಯನ್ನು ಕೊಂದೆ.

ಶಿವಸುಬ್ರಹ್ಮಣ್ಯರು ಅದನ್ನು ತುಳುವಿಗೆ ತಿರುಗಿಸಿದರು. ಕಿನ್ನಿ ಅವರ ಮುಖವನ್ನೇ ನೋಡುತ್ತಾ ನಿಂತಳು.

"ಯಾವ ಹಣ?" ಎಂದಳು. "ನಮ್ಮಲ್ಲಿ ಎಂತಹ ಹಣದ ಮಾತು, ಅಯ್ಯ? ನಾನು ಹಾಗೆ ಹೇಳಲಿಲ್ಲ."

"ಮತ್ತೆ ಹೇಗೆ ಹೇಳಿದ್ದು? ಆವತ್ತು ಹೇಳಿದ ಹಾಗೆಯೇ ಹೇಳು."

ಅವಳು ಹೇಳಿದಳು. ಜ್ವರ, ವೈದ್ಯರು, ಗುಂಡಿ. ಕೊನೆಗೆ ಬಂದಾಗ ಆವತ್ತಿನ ಹಾಗೆಯೇ ಎದೆಗೆ ಬಡಿದುಕೊಂಡಳು: "ಯಾನೇ ಕೆರಿನ ಲೆಕ್ಕ ಆಂಡ್."

ಶಿವಸುಬ್ರಹ್ಮಣ್ಯರು ಲೆಕ್ಕ ಎಂಬ ಆ ಶಬ್ದವನ್ನು ಹಿಡಿದರು. ಕನ್ನಡದವರಿಗೆ ಲೆಕ್ಕವೆಂದರೆ ಲೆಕ್ಕ, ಕೂಡಿ ಕಳೆಯುವ ಲೆಕ್ಕ. ತುಳುವಿನಲ್ಲಿ ಅದಕ್ಕೆ ಇನ್ನೊಂದು ಅರ್ಥ ಉಂಟು: ಹಾಗೆ, ಅದರಂತೆ. ನಾನೇ ಕೊಂದ ಹಾಗಾಯಿತು. ಮಂಗಲ್ಪಾಡಿಯ ಮೀನಿನ ಅಂಗಡಿಯಲ್ಲಿ ತುಳು ಕಲಿತವನಿಗೆ ಗೊತ್ತಿದ್ದದ್ದು ಅಂಗಡಿಯ ಲೆಕ್ಕ ಒಂದೇ.

ಅವರು ಮ್ಯಾಜಿಸ್ಟ್ರೇಟರಿಗೆ ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರು. ಸರಕಾರಿ ವಕೀಲರು ಎದ್ದು ನಿಂತರು. ತಪ್ಪೊಪ್ಪಿಗೆಯ ಕೆಳಗೆ ಒಬ್ಬ ಮ್ಯಾಜಿಸ್ಟ್ರೇಟರ ಷರಾ ಇದೆ, ಓದಿ ಹೇಳಿ ಒಪ್ಪಿಸಿದ್ದೂ ಬರೆದಿದೆ; ಈಗ ಗುಮಾಸ್ತರೊಬ್ಬರು ಆರೋಪಿಯ ಪರ ವಾದಿಸುವುದು ಎಂತಹ ಕ್ರಮ ಎಂದು ಕೇಳಿದರು.

ಮ್ಯಾಜಿಸ್ಟ್ರೇಟರು ಶಿವಸುಬ್ರಹ್ಮಣ್ಯರ ಕಡೆ ತಿರುಗಿದರು. "ದುಭಾಷಿ ತನ್ನ ಅಭಿಪ್ರಾಯ ಹೇಳಬಾರದು. ಅವಳು ಹೇಳಿದ್ದನ್ನು ಮಾತ್ರ ಹೇಳಬೇಕು."

"ಅದನ್ನೇ ಹೇಳುತ್ತಿದ್ದೇನೆ, ಸರ್" ಎಂದರು ಶಿವಸುಬ್ರಹ್ಮಣ್ಯರು. "ಅವಳು ಹೇಳಿದ್ದು ಇದು. ಬರೆದದ್ದು ಅದಲ್ಲ."

ಮ್ಯಾಜಿಸ್ಟ್ರೇಟರು ಪೆನ್ನಿಗೆ ಮುಚ್ಚಳ ಹಾಕಿದರು. ಹೊರಗೆ ನಿಂತಿದ್ದ ಕಾನ್‌ಸ್ಟೇಬಲನನ್ನು ಕರೆಸಿದರು. ಅವಳ ವಾಕ್ಯವನ್ನು ಅವನಿಗೆ ಕೇಳಿಸುವಂತೆ ಕಿನ್ನಿಯಿಂದ ಇನ್ನೊಮ್ಮೆ ಹೇಳಿಸಿ, ಅರ್ಥ ಕೇಳಿದರು. ಅವನು ತಡವರಿಸಲಿಲ್ಲ.

"ಲೆಕ್ಕದ ವಿಷಯಕ್ಕೆ ನಾನೇ ಕೊಂದೆ, ಸರ್. ಲೆಕ್ಕ ಅಂದರೆ ನಮ್ಮ ಕಣಕ್ಕು, ದುಡ್ಡಿನ ಲೆಕ್ಕ. ಅವರು ಹುಲ್ಲು ಮಾರುವವರು, ಅದಕ್ಕೆ ಹುಲ್ಲಿನ ಹಣ ಅಂತ ಹೇಳಿದೆ."

"ಹುಲ್ಲಿನ ಹಣ ಎಂದು ಅವಳು ಹೇಳಿದಳಾ?"

"ಹೇಳಲಿಲ್ಲ, ಸರ್. ಬೇರೆ ಎಂತ ಇರುತ್ತದೆ?"

"ಹೇಳಲೇಬೇಕೆಂದಿಲ್ಲ ಎಂಬ ಎಚ್ಚರಿಕೆಯನ್ನು ನೀನು ತುಳುವಿನಲ್ಲಿ ಹೇಗೆ ಹೇಳಿದೆ? ಈಗ ಹೇಳು."

ಕಾನ್‌ಸ್ಟೇಬಲ್ ಬಾಯಿ ತೆರೆದ. ಹೇಳಲಾಗಲಿಲ್ಲ. ಆ ಮಾತುಗಳು ಅವನಲ್ಲಿ ಇರಲೇ ಇಲ್ಲ. ಅವನು ಸುಳ್ಳುಗಾರನಲ್ಲ, ತನಗೆ ಬರುತ್ತದೆಂದು ನಂಬಿಕೊಂಡವನು.

ಮ್ಯಾಜಿಸ್ಟ್ರೇಟರಿಗೆ ಅಷ್ಟು ಸಾಲಲಿಲ್ಲ. ಈ ಕೇಸಿಗೆ ಸಂಬಂಧವಿಲ್ಲದ, ತುಳು ಮನೆಮಾತಿನವರು ಯಾರಾದರೂ ಇದ್ದರೆ ಕರೆಯಿರಿ ಎಂದರು. ಜಗಲಿಯಲ್ಲಿ ಪೂವಪ್ಪ ಎಂಬ ರೈಲ್ವೆ ಗ್ಯಾಂಗಿನ ಆಳು ಕೂತಿದ್ದ. ಊರು ಮಂಗಲ್ಪಾಡಿ, ತಂತಿ ಕದ್ದ ಒಂದು ಕೇಸಿನಲ್ಲಿ ಸಾಕ್ಷಿಗೆ ಬಂದವನು. ಅವನನ್ನು ಒಳಗೆ ತಂದರು. ಅವನಿಗೆ ಮಲಯಾಳವೂ ಬರುತ್ತಿತ್ತು. ಯಾವ ಕೇಸೆಂದು ಹೇಳದೆ ಆ ವಾಕ್ಯವನ್ನು ಮಾತ್ರ ಕೇಳಿಸಿ, ಅರ್ಥವೇನೆಂದು ಕೇಳಿದರು.

"ನಾನೇ ಕೊಂದ ಹಾಗಾಯ್ತು ಅಂತ" ಎಂದ ಪೂವಪ್ಪ.

"ಹಾಗಾದರೆ ಕೊಂದೆ ಎಂದು ಅರ್ಥವೇ?"

ಪೂವಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಲ್ಲ ಸ್ವಾಮಿ. ಕೊಂದವರು ಹಾಗೆ ಹೇಳ್ತಾರಾ? ನನ್ನ ಅಪ್ಪ ತೀರಿದಾಗ ನಾನೂ ಹಾಗೇ ಹೇಳಿದ್ದೆ, ಡಾಕ್ಟರ ಹತ್ರ ಕರಕೊಂಡು ಹೋಗ್ಲಿಲ್ಲ ಅಂತ."

ಸರಕಾರಿ ವಕೀಲರು ಕೂತರು.

ಆದರೂ ಆವತ್ತೇ ಎಲ್ಲ ಮುಗಿಯಲಿಲ್ಲ. ಹೆಣವನ್ನು ನೋಡಿದ ಡಾಕ್ಟರರ ಸಾಕ್ಷಿ ಆಗಬೇಕಿತ್ತು. ಅವರು ಬರಲು ಇನ್ನೂ ಹತ್ತೊಂಬತ್ತು ದಿನ ಹಿಡಿಯಿತು. ಆ ದಿನಗಳನ್ನು ಕಿನ್ನಿ ಅದೇ ಕೋಣೆಯಲ್ಲಿ ಕಳೆದಳು. ಶಿವಸುಬ್ರಹ್ಮಣ್ಯರಿಗೆ ಜೈಲಿನೊಳಗೆ ಹೋಗಿ ಅವಳೊಡನೆ ಮಾತಾಡುವ ಅಪ್ಪಣೆ ಇರಲಿಲ್ಲ. ಅವರು ಕೋರ್ಟಿಗೆ ಪ್ರಮಾಣ ಮಾಡಿದ ದುಭಾಷಿ. ಕೋರ್ಟು ಕೂತಾಗ ಮಾತ್ರ ಅವಳ ಬಾಯಿ ಮತ್ತು ಕಿವಿ. ಕಚೇರಿಯಲ್ಲಿ ಅವರ ಪಾಡೂ ಹಗುರವಾಗಿರಲಿಲ್ಲ. ಪೊಲೀಸರು ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹರಿನಾರಾಯಣರು, "ಪಿಂಚಣಿ ಹತ್ತಿರ ಬಂತಲ್ಲ, ಇನ್ನು ಸುಮ್ಮನೆ ಕೂತುಕೊಳ್ಳಿ" ಎಂದು ಒಳ್ಳೆಯದಕ್ಕೇ ಹೇಳಿದರು. ಅವರು ಹೋಟೆಲಿನಲ್ಲಿ ಊಟ ಮಾಡಿ, ಕೋಣೆಗೆ ಬಂದು, ಕಿಟಕಿಯ ಹತ್ತಿರ ಕೂರುತ್ತಿದ್ದರು. ಒಂದೊಂದು ಸಂಜೆ ತಾವು ಇಡೀ ದಿನ ಹತ್ತು ಮಾತು ಆಡಿದ್ದೇವೆಯೇ ಎಂದು ಯೋಚಿಸುತ್ತಿದ್ದರು.

ಡಾಕ್ಟರರು ಬಂದು, ಗಾಯ ಕತ್ತಿಯದಲ್ಲ, ಮೇಲಿನಿಂದ ಬಿದ್ದು ಕಲ್ಲಿನ ಅಂಚಿಗೆ ತಾಗಿದರೆ ಅಂತಹ ಗಾಯವಾಗುತ್ತದೆ ಎಂದರು. ಹಾಗೆಂದು ಅವರ ವರದಿಯಲ್ಲಿ ಮೊದಲೇ ಬರೆದಿತ್ತು. ತಪ್ಪೊಪ್ಪಿಗೆ ಇದ್ದುದರಿಂದ ಅದನ್ನು ಯಾರೂ ಗಮನಕೊಟ್ಟು ಓದಿರಲಿಲ್ಲ, ಆದೂರಿನ ವೈದ್ಯರನ್ನೂ ಯಾರೂ ಕೇಳಿರಲಿಲ್ಲ. ಮ್ಯಾಜಿಸ್ಟ್ರೇಟರು ಮೂರು ಪುಟದ ಆದೇಶ ಬರೆದರು. ಎಚ್ಚರಿಕೆ ಆರೋಪಿಗೆ ತಲುಪಿಲ್ಲ. ಹಿಡಿದು ತಂದ ಪೊಲೀಸನೇ ದುಭಾಷಿಯಾಗಿದ್ದಾನೆ. ಹೇಳಿದ್ದು ಒಂದು, ಬರೆದದ್ದು ಒಂದು. ಉಳಿದ ಸಾಕ್ಷಿಗಳಿಂದ ಸೆಶನ್ಸಿಗೆ ಒಪ್ಪಿಸಲು ಆಧಾರವಿಲ್ಲ. ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.

"ಕಿನ್ನಿ, ನಿನ್ನನ್ನು ಬಿಟ್ಟಿದ್ದಾರೆ" ಎಂದರು ಶಿವಸುಬ್ರಹ್ಮಣ್ಯರು.

"ಎಲ್ಲಿಗೆ?" ಎಂದಳು ಅವಳು.

ಜೈಲಿನಲ್ಲಿ ಉಡಲು ಕೊಟ್ಟಿದ್ದ ಸೀರೆಯನ್ನು ತೆಗೆದುಕೊಂಡರು, ಅವಳ ಸೀರೆಯನ್ನು ಹಿಂತಿರುಗಿ ಕೊಡಲಿಲ್ಲ. ಅದು ರಕ್ತದ ಸಾಕ್ಷಿಯಾಗಿ ಮೊಹರು ಬಿದ್ದು ಕೂತಿತ್ತು. ಕಾವಲಿನ ಹೆಂಗಸು ತನ್ನದೊಂದು ಹಳೆಯ ಮುಂಡು ತಂದು ಉಡಿಸಿ, ಬಾಗಿಲ ತನಕ ಬಂದು, ಏನೋ ಉದ್ದವಾಗಿ ಹೇಳಿ ಕಣ್ಣೊರೆಸಿಕೊಂಡಳು. ಕಿನ್ನಿ ಅವಳ ಕೈ ಹಿಡಿದು ತುಳುವಿನಲ್ಲಿ ಏನೋ ಹೇಳಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಲಿಲ್ಲ.

ಶಿವಸುಬ್ರಹ್ಮಣ್ಯರು ಅರ್ಧ ದಿನ ರಜೆ ಹಾಕಿ ಅವಳ ಜೊತೆ ಕಾಸರಗೋಡಿನ ತನಕ ಬಂದರು. ಬಸ್ಸು ಚಂದ್ರಗಿರಿ ದಾಟಿದ ಮೇಲೆ ಅವಳು ಮೊದಲ ಸಲ ಬಾಯಿ ಬಿಟ್ಟಳು.

"ಅಮ್ಮಣಿಯಕ್ಕನನ್ನು ಎಲ್ಲಿ ಇಟ್ಟರು, ಅಯ್ಯ?"

ಅವರಿಗೆ ಗೊತ್ತಿರಲಿಲ್ಲ. ಕೇಸಿನ ಕಡತದಲ್ಲಿ ಅಮ್ಮಣಿಯ ಗಾಯದ ಉದ್ದಗಲ ಇತ್ತು, ಹೊಟ್ಟೆಯಲ್ಲಿದ್ದ ಗಂಜಿಯ ವಿವರ ಇತ್ತು. ಹೂತದ್ದು ಎಲ್ಲಿ ಎಂದು ಇರಲಿಲ್ಲ. ಇಬ್ಬರೂ ಆಸ್ಪತ್ರೆಗೆ ಹೋದರು. ಅಲ್ಲಿನ ಒಬ್ಬ ಮುದುಕ ಆಳು, ವಾರಸುದಾರರು ಬಾರದ ಹೆಣಗಳನ್ನು ಹಿಂದಿನ ಗುಡ್ಡದಲ್ಲಿ ಹೂಳುತ್ತೇವೆ ಎಂದು ಕರೆದುಕೊಂಡು ಹೋದ. ಗೇರುಮರಗಳ ನಡುವೆ ಕೆಂಪು ಮಣ್ಣಿನ ದಿನ್ನೆಗಳು. ಯಾವುದು ಯಾರದೆಂದು ಅವನಿಗೂ ನೆನಪಿರಲಿಲ್ಲ. ಫೆಬ್ರವರಿಯದಾದರೆ ಈ ಸಾಲಿನದು ಇರಬಹುದು ಎಂದು ಕೈ ತೋರಿಸಿದ. ಆ ಸಾಲಿನಲ್ಲಿ ಐದು ದಿನ್ನೆಗಳಿದ್ದವು.

"ನಾನು ಬಂದಿದ್ದೆನಲ್ಲ, ಗಾಡಿಯ ಹಿಂದೆ" ಎಂದಳು ಕಿನ್ನಿ. "ವಾರಸುದಾರರು ಬರಲಿಲ್ಲ ಅಂತ ಯಾರು ಹೇಳಿದ್ದು?"

ಅವಳು ಐದೂ ದಿನ್ನೆಗಳ ಹತ್ತಿರ ಒಂದೊಂದಾಗಿ ಕೂತು, ಪ್ರತಿಯೊಂದಕ್ಕೂ ಬೊಗಸೆಯಷ್ಟು ಮಣ್ಣು ಹಾಕಿದಳು. ಶಿವಸುಬ್ರಹ್ಮಣ್ಯರು ಮರದ ಹತ್ತಿರ ನಿಂತು ಕಾದರು. ಮೂರನೆಯದರ ಬಳಿ ಅವಳು ತುಂಬ ಹೊತ್ತು ಕೂತಿದ್ದಳು.

ಮುಳ್ಳೇರಿಯದ ಬಸ್ಸಿಗೆ ಹತ್ತಿಸುವಾಗ ಅವರು, "ಇನ್ನು ಯಾರಾದರೂ ಎಂತಾದರೂ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರೆ ಕೊಡಬೇಡ. ಮೊದಲು ಓದಿಸಿ ಕೇಳು" ಎಂದರು.

"ಓದಿದರೂ ನನಗೆ ತಿಳಿಯಬೇಕಲ್ಲ" ಎಂದಳು ಅವಳು. ಸಿಟ್ಟಿನಿಂದಲ್ಲ. ಬಸ್ಸು ಹೊರಟಿತು.

ದೇಲಂಪಾಡಿಯಲ್ಲಿ ಗುಡಿಸಲು ನಿಂತೇ ಇತ್ತು. ಮಾಡಿನ ಹುಲ್ಲು ಒಂದು ಬದಿಯಲ್ಲಿ ಕಳಚಿ ಬಿಸಿಲು ಒಳಗೆ ಬರುತ್ತಿತ್ತು. ಒಲೆಯೊಳಗೆ ಒಂದು ಕೋಳಿ ಮೊಟ್ಟೆ ಇಟ್ಟಿತ್ತು. ಎರಡು ಚಾಪೆಗಳು ಸುತ್ತಿ ಮೂಲೆಯಲ್ಲಿದ್ದವು. ಕಿನ್ನಿ ಒಂದನ್ನು ಬಿಡಿಸಿ ಕೂತಳು. ಮೇ ತಿಂಗಳು ಹತ್ತಿರವಾಗಿತ್ತು. ಗುಡ್ಡದಲ್ಲಿ ಉಳಿದಿದ್ದ ಮುಳಿಯೆಲ್ಲ ಬೇರೆಯವರು ಕೊಯ್ದಾಗಿತ್ತು. ಅವಳು ಅಳಿದುಳಿದದ್ದನ್ನು ಹೆಕ್ಕಿ, ಒಬ್ಬಳೇ ಏಣಿ ಇಟ್ಟು, ಮಲಗುವ ಜಾಗದ ಮೇಲಷ್ಟೇ ಹೊದೆಸಿದಳು. ಕೆಳಗೆ ನಿಂತು ಕಟ್ಟು ಎತ್ತಿ ಕೊಡುವವರು ಇಲ್ಲದ ಕಾರಣ ಪ್ರತಿ ಕಟ್ಟಿಗೂ ಇಳಿದು ಹತ್ತಬೇಕಾಯಿತು.

ಊರವರು ಅವಳನ್ನು ಏನೂ ಅನ್ನಲಿಲ್ಲ. ಕೋರ್ಟಿನಲ್ಲಿ ಬಿಟ್ಟಿದ್ದಾರೆ ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ದಾರಿಯಲ್ಲಿ ಸಿಕ್ಕಿದವರು ಒಂದು ಹೆಜ್ಜೆ ಬದಿಗೆ ಸರಿದು ನಡೆಯುತ್ತಿದ್ದರು.

ಐದನೆಯ ದಿನ ಹರಿಣಾಕ್ಷಿ ಅಂಗಳದ ಆಚೆ ಬಂದು ನಿಂತಳು. ಸೊಂಟದಲ್ಲಿ ಮಗು.

"ಕಿನ್ನಿಯಕ್ಕ" ಎಂದಳು. "ನಾನು ಕೇಳಿದ್ದನ್ನು ಹೇಳಿದ್ದು ಅಷ್ಟೇ. ಅವರು ಎಷ್ಟು ಕೇಳಿದರೋ ಅಷ್ಟು."

"ಗೊತ್ತುಂಟು. ನೀನು ಸುಳ್ಳು ಹೇಳಲಿಲ್ಲ."

"ಅವರು ಯಾಕೆ ಬೈದದ್ದು ಅಂತ ಕೇಳಲೇ ಇಲ್ಲ ಮಾರಾಯ್ತಿ. ಕೇಳದೆ ಹೇಳುದು ಹೇಗೆ?"

"ಕೂತುಕೋ" ಎಂದಳು ಕಿನ್ನಿ, ಜಗಲಿಯನ್ನು ಸೆರಗಿನಿಂದ ಒರೆಸಿ.

ಹರಿಣಾಕ್ಷಿ ಮಗುವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಿಸಿಕೊಂಡಳು. ಮನೆಯ ಕಡೆ ನೋಡಿದಳು. "ಅನ್ನಕ್ಕೆ ಇಟ್ಟಿದ್ದೇನೆ. ಇನ್ನೊಮ್ಮೆ ಬರ್ತೇನೆ" ಎಂದು ಇಳಿದು ಹೋದಳು.

ಕಿನ್ನಿ ಒರೆಸಿದ ಜಗಲಿಯಲ್ಲಿ ತಾನೇ ಕೂತಳು. ಮಗು ಅಳುವ ಸ್ವರ ಕೆಳಗಿನ ಮನೆಯ ಬಾಗಿಲ ತನಕ ಕೇಳಿಸಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು, ಕೊಡಪಾನ ಎತ್ತಿಕೊಂಡು, ಗುಂಡಿಯ ದಾರಿಯನ್ನು ಬಿಟ್ಟು, ಗುಡ್ಡ ಸುತ್ತಿ ಹೋಗುವ ಉದ್ದದ ದಾರಿಯಲ್ಲಿ ನೀರಿಗೆ ಹೋದಳು.